ಪಗಾರ ಏರಿತು, ದವಾಖಾನೆ ಕಾರ್ಡ್ ಹೋಯಿತು: ನಡುವೆ ಸಿಕ್ಕಿಕೊಂಡವರ ಆರೋಗ್ಯ ವಿಮೆಗೆ ದಾರಿ ಏನು?

ಬಜಾರ್ ಗುಮಾಸ್ತ (ಕಲಬುರಗಿ):

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ವಯಸ್ಸು 52. ನಾಲ್ಕು ವರ್ಷದ ಹಿಂದೆ ಮಾಲೀಕರು ಖುಷಿಯಿಂದ ಪಗಾರ ಏರಿಸಿದರು, 21,500 ಆಯಿತು. ಮನೆಯಲ್ಲಿ ಜಹಾಂಗೀರ್ ಹಂಚಿದೆವು. ಮುಂದೆ ತಿಳಿಯಿತು, ನೌಕರರ ಸರ್ಕಾರಿ ವಿಮೆ ಇಎಸ್‌ಐಗೆ ಪಗಾರದ ಮಿತಿ 21,000. ಐನೂರು ರೂಪಾಯಿ ದಾಟಿದ್ದಕ್ಕೆ ಸೇಡಂ ರಸ್ತೆಯ ಇಎಸ್‌ಐ ದವಾಖಾನೆಯ ಬಾಗಿಲು ನಮಗೆ ಮುಚ್ಚಿತು. ಅಲ್ಲಿಯ ತನಕ ತಿಂಗಳಿಗೆ ನನ್ನ ಪಗಾರದಿಂದ ಹೋಗುತ್ತಿದ್ದದ್ದು ಸುಮಾರು 150 ರೂಪಾಯಿ. ಹೆಂಡತಿ, ಮಕ್ಕಳು, ಅವ್ವ ಎಲ್ಲರಿಗೂ ಅದರಲ್ಲೇ ಆಗುತ್ತಿತ್ತು.

ಆಮೇಲೆ ಖಾಸಗಿ ಪಾಲಿಸಿ ತಗೊಂಡೆ. ಮನೆಗೆಲ್ಲ ಸೇರಿ 5 ಲಕ್ಷ. ಅವ್ವನನ್ನು ಬಿಟ್ಟು, ಯಾಕೆಂದರೆ ಅವಳನ್ನು ಸೇರಿಸಿದರೆ ಪ್ರೀಮಿಯಂ ಕೇಳಿಯೇ ನಮಗೆ ದವಾಖಾನೆ ಬೇಕಾಗುತ್ತಿತ್ತು. ಮೊದಲ ವರ್ಷ 16,800, ಮೇಲೆ 18% ಜಿಎಸ್‌ಟಿ, ಒಟ್ಟು 19,824. ಹೋದ ವರ್ಷ 24,000 ಮತ್ತು ಜಿಎಸ್‌ಟಿ, ಒಟ್ಟು 28,320. ಜಿಎಸ್‌ಟಿ ತೆಗೆದರು ಅಂದಾಗ ನಾಲ್ಕು ಸಾವಿರ ಉಳಿಯಿತು ಅಂದುಕೊಂಡೆ. ಮೊನ್ನೆ ರಿನ್ಯೂವಲ್ ಮೆಸೇಜ್ ಬಂತು: 29,500. ಜಿಎಸ್‌ಟಿ ಸೊನ್ನೆ, ಖರೆ. ಆದರೆ ನನ್ನ ಜೇಬಿನಿಂದ ಹೋಗುವುದು ಹೋದ ವರ್ಷಕ್ಕಿಂತ 1,180 ಜಾಸ್ತಿ. ಈಗ ನನ್ನ ಪಗಾರ 26,000. ಅಂದರೆ ಒಂದು ತಿಂಗಳ ಪಗಾರ ಪೂರ್ತಿ ಕೊಟ್ಟರೂ ಸಾಲದು.

ಬಿಪಿಎಲ್ ಕಾರ್ಡ್ ಸಿಗುವುದಿಲ್ಲ. ಅದಕ್ಕೆ ವರ್ಷದ ಆದಾಯ 1.20 ಲಕ್ಷದೊಳಗೆ ಇರಬೇಕು, ತಿಂಗಳಿಗೆ 10,000. ನಮ್ಮ ಮಿಲ್ಲಿನ ಕಸ ಹೊಡೆಯುವವರ ಪಗಾರವೂ ಅದಕ್ಕಿಂತ ಜಾಸ್ತಿ ಇದೆ.

ಬಡವರಿಗೆ ಕಾರ್ಡ್ ಇದೆ, ಇರಲಿ, ಇರಲೇಬೇಕು. ಸಾಹುಕಾರರಿಗೆ ರೊಕ್ಕ ಇದೆ. ನಡುವಿನವರು ಒಂದು ಮೆಟ್ಟಿಲು ಹತ್ತಿದ ಕೂಡಲೇ ಕೆಳಗಿನ ಮೆಟ್ಟಿಲು ಕಿತ್ತುಕೊಳ್ಳುತ್ತಾರಲ್ಲ, ಇದಕ್ಕೆ ಸರ್ಕಾರ ಏನು ಮಾಡಬಹುದು? ಬೈಗುಳ ಬೇಡ. ದಾರಿ ಹೇಳಿ.

ಬಿದ್ರಿ ಬಟ್ಟಲು (ಬೀದರ್):

ಶರಣು ಅಣ್ಣಾ. ನಾನು ವಿಮೆ ಏಜೆಂಟ್. ಮೊದಲೇ ಹೇಳಿಬಿಡುತ್ತೇನೆ, ಕಮಿಷನ್ ನನಗೂ ಬರುತ್ತದೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಕಂಪನಿಗಳು ಕೊಡುವ ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ. ಇನ್ನೊಂದು ಕಡೆ, ಕಂಪನಿಗಳು ತಮ್ಮ ಬಾಡಿಗೆ, ಸಾಫ್ಟ್‌ವೇರ್, ಕಮಿಷನ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮೊದಲು ವಜಾ ಮಾಡಿಕೊಳ್ಳುತ್ತಿದ್ದವು. ಈಗ ಹಾಗಿಲ್ಲ. ಆ ಖರ್ಚು ಎಲ್ಲಿಂದಲಾದರೂ ಬರಬೇಕಲ್ವಾ.

ನಿಮ್ಮ ಪ್ರೀಮಿಯಂ ಏರಲು ವಯಸ್ಸೂ ಕಾರಣ ಇರಬಹುದು. ಬಹಳ ಪಾಲಿಸಿಗಳಲ್ಲಿ 46–50, 51–55 ಎಂದು ಪಟ್ಟಿ ಇರುತ್ತದೆ. ನೀವು 51 ದಾಟಿದಿರಿ. ಒಂದು ಮಾತು ನೆನಪಿರಲಿ: ನೀವು ಕ್ಲೇಮ್ ಮಾಡಿದಿರಿ ಅಂತ ನಿಮ್ಮೊಬ್ಬರಿಗೆ ಏರಿಸುವಂತಿಲ್ಲ. ಏರಿಸಿದರೆ ಆ ಪಾಲಿಸಿ ತಗೊಂಡ ಎಲ್ಲರಿಗೂ ಏರಿಸಬೇಕು. 60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶ ಬಂದಿದೆ. ನಿಮಗೆ ಇನ್ನೂ 60 ಆಗಿಲ್ಲ.

ಸುಣ್ಣದಕಲ್ಲು (ಶಹಾಬಾದ್):

60 ಆದಮೇಲೆ ರಕ್ಷಣೆ, 70 ಆದಮೇಲೆ ಆದಾಯ ನೋಡದೆ ಆಯುಷ್ಮಾನ್ ಅಂತ ಕೇಂದ್ರದ ಘೋಷಣೆ. ಹಾರ್ಟ್ ಮಾತ್ರ 52ಕ್ಕೆ ಕೆಡುತ್ತದೆ. ಅದಕ್ಕೂ ಸ್ವಲ್ಪ ಕಾಯಲು ಹೇಳಬೇಕು.

ದವಾಖಾನೆ ಅಕ್ಕ (ಯಾದಗಿರಿ):

ಕಾಕಾ, ನಾನು ಸರ್ಕಾರಿ ದವಾಖಾನೆಯಲ್ಲಿ ಕೆಲಸ ಮಾಡುವವಳು. ಪ್ರತಿದಿನ ನೋಡುವ ಒಂದು ತಪ್ಪು ತಿಳಿವಳಿಕೆ ಹೇಳುತ್ತೇನೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಪಿಎಲ್ ಕಾರ್ಡಿನವರಿಗೂ ಇದೆ. ಜನ ಬಂದು "ನಮಗೆ 30% ಇದೆ ಅಲ್ವಾ ಸಿಸ್ಟರ್, ಉಳಿದದ್ದು ಸರ್ಕಾರ ಕೊಡುತ್ತದೆ ಅಲ್ವಾ" ಅಂತ ಕೇಳುತ್ತಾರೆ. ತಿರುಗುಮುರುಗು! ಸರ್ಕಾರ ಕೊಡುವುದೇ 30%. ಪ್ಯಾಕೇಜ್ ದರ 1 ಲಕ್ಷ ಅಂದರೆ 30,000 ಸರ್ಕಾರದ್ದು, 70,000 ನಿಮ್ಮದು. ಅದೂ ವರ್ಷಕ್ಕೆ ಒಂದು ಮನೆಗೆ 1.5 ಲಕ್ಷದ ತನಕ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ಪೂರ್ತಿ.

ಆದರೂ ಈ 30% ಅನ್ನು ಬಿಡಬೇಡಿ. ನೀವು ಕಟ್ಟುವ 70% ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ಬಾಯಿಗೆ ಬಂದ ದರದ ಮೇಲೆ ಅಲ್ಲ. ಅದೇ ಆಪರೇಷನ್ನಿಗೆ ಕೈಯಿಂದ ಕಟ್ಟಿದರೆ ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಇನ್ನು ಮೊದಲು ಸರ್ಕಾರಿ ದವಾಖಾನೆಗೆ ಬರಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಇದ್ದರೆ ಚೀಟಿ ಬೇಡ, ನೇರ ಹೋಗಬಹುದು. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಆರೋಗ್ಯ ಮಿತ್ರರನ್ನು ಕೇಳಿ. ಅವರ ಕೆಲಸವೇ ಅದು, ಮುಜುಗರ ಬೇಡ.

ಬಜಾರ್ ಗುಮಾಸ್ತ:

ಅಕ್ಕಾ, ನಾನೂ ಅದನ್ನು ತಿರುಗುಮುರುಗೇ ತಿಳಿದಿದ್ದೆ. ಲೆಕ್ಕ ಬರೆಯುವವನೇ ಹೀಗೆ!

ತೊಗರಿ ಮಾಸ್ತರ (ಶಹಾಪುರ):

ಗುಮಾಸ್ತರೇ, ದಾರಿ ಕೇಳಿದಿರಿ. ದಾರಿ ನಮ್ಮ ರಾಜ್ಯದಲ್ಲೇ ಇತ್ತು, ಮರೆತಿದ್ದೇವೆ.

2003ರಲ್ಲಿ ಯಶಸ್ವಿನಿ ಶುರುವಾಯಿತು. ಸಹಕಾರ ಸಂಘದ ಸದಸ್ಯ ರೈತರಿಗೆ. ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಮ್ಮಪ್ಪ ಸೊಸೈಟಿಯಲ್ಲಿ ಬೀಜ ಗೊಬ್ಬರದ ಜೊತೆ ಅದನ್ನೂ ಕಟ್ಟಿ ಬರುತ್ತಿದ್ದ. ಮೊದಲ ವರ್ಷವೇ 16 ಲಕ್ಷ ಜನ ಸೇರಿದ್ದರು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಯಶಸ್ವಿನಿ ನಿಂತಿತು. ರೈತರು ಬಿಡಲಿಲ್ಲ, ಮತ್ತೆ ಕೇಳಿದರು. 2023ರ ಜನವರಿಯಿಂದ ಚಿಕಿತ್ಸೆ ಮತ್ತೆ ಶುರುವಾಯಿತು. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಪೇಟೆಯಲ್ಲಿ 1,000. ಮನೆಗೆ 5 ಲಕ್ಷದ ತನಕ.

ಇಲ್ಲಿ ನೋಡಿ: 500 ರೂಪಾಯಿಗೆ 5 ಲಕ್ಷ. ಪುಕ್ಕಟೆ ಅಲ್ಲ, ದುಬಾರಿಯೂ ಅಲ್ಲ. ಉಳಿದದ್ದು ಸರ್ಕಾರ ಹಾಕುತ್ತದೆ. ಗಂಟು ಎಲ್ಲಿದೆ ಅಂದರೆ, ಸಹಕಾರ ಸಂಘದ ಸದಸ್ಯರಾಗಿರಬೇಕು. ಕಿರಾಣಿ ಅಂಗಡಿಯವನು, ಟೇಲರ್, ಗುಮಾಸ್ತ, ಟೆಂಪೊ ಡ್ರೈವರ್ ಇವರಲ್ಲಿ ಎಷ್ಟು ಜನ ಸಂಘದಲ್ಲಿದ್ದಾರೆ? ಹೊಸ ಯೋಜನೆ ಕಟ್ಟುವುದು ಬೇಡ, ಇರುವ ಬಾಗಿಲನ್ನೇ ಸ್ವಲ್ಪ ಅಗಲ ಮಾಡಿದರೆ ಸಾಕು.

ಇನ್ನೊಂದು ಹಳೆಯ ನೆನಪು. ಬಡವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಅಂತ ಬಂದಿತ್ತಲ್ಲ, 2010ರಲ್ಲಿ ಅದು ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಆಮೇಲೆ ಉಳಿದ ಕಡೆ ಹೋಯಿತು. ಯೋಜನೆ ಇದ್ದ ಹಳ್ಳಿಗಳನ್ನೂ ಯೋಜನೆಯ ಗಡಿಯಾಚೆ ಅದು ಇಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಯೋಜನೆಯಲ್ಲಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದ ಸತ್ತವರು, ಬಡ ಕುಟುಂಬಗಳಲ್ಲಿ, ಯೋಜನೆ ಇದ್ದ ಕಡೆ 0.32%, ಇಲ್ಲದ ಕಡೆ 0.90%. ವಿಮೆ ಅಂದರೆ ಕಾಗದ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸುಣ್ಣದಕಲ್ಲು:

ಮಾಸ್ತರೇ, ಬಾಗಿಲು ಅಗಲ ಮಾಡಿ. ಒಳಗೆ ಹೋದಮೇಲೆ ಡಾಕ್ಟರ್ ಬೇಕಲ್ಲ?

ಹೋದ ವರ್ಷ ನನ್ನ ಮಾವನನ್ನು ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಕಾರ್ಡ್ ತೋರಿಸಿದರೆ "ಈ ಸ್ಕೀಮಿನ ಬೆಡ್ ಖಾಲಿ ಇಲ್ಲ" ಅಂದರು. ರೊಕ್ಕ ಕಟ್ಟುತ್ತೇವೆ ಅಂದ ಕೂಡಲೇ ಬೆಡ್ ಖಾಲಿ ಆಯಿತು. ಹೆಸರು ಬೇಡ. ನಿಮ್ಮ ಊರಲ್ಲೂ ಅಂಥದ್ದೊಂದು ಇರುತ್ತದೆ.

ಪ್ರೀಮಿಯಂ ಯಾಕೆ ಏರುತ್ತದೆ? ಬಿಲ್ ಏರುತ್ತದೆ, ಅದಕ್ಕೆ. ಬಿಲ್ ಹಿಡಿಯದೆ ಪ್ರೀಮಿಯಂ ಹಿಡಿಯುತ್ತೇವೆ ಅನ್ನುವುದು ನಲ್ಲಿ ಬಿಟ್ಟು ನೆಲ ಒರೆಸಿದ ಹಾಗೆ. 2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಮೇಲಿನ ಕೆಪಿಎಂಇ ಕಾಯ್ದೆ ತಿದ್ದಲು ಹೊರಟಿತು, ನೆನಪಿದೆಯಾ? ಡಾಕ್ಟರುಗಳು ಮುಷ್ಕರ ಹೂಡಿದರು, ಓಪಿಡಿ ಬಂದ್ ಆದವು. ಕೊನೆಗೆ ಕಾಯ್ದೆ ಬಂತು, ಆದರೆ ದರ ಕಟ್ಟುವ ಮಾತು ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ನಿಂತಿತು. ದರಪಟ್ಟಿ ಹಾಕಬೇಕು ಅಂತ ಇದೆ. ನಾನು ನೋಡಿದ ಒಂದು ಕಡೆ ಆ ಪಟ್ಟಿಯ ಮುಂದೆ ದೊಡ್ಡ ಕುಂಡದಲ್ಲಿ ಗಿಡ ಇಟ್ಟಿದ್ದರು. ಗಿಡ ಛಲೋ ಬೆಳೆದಿತ್ತು.

ಬಿದ್ರಿ ಬಟ್ಟಲು:

ಗಿಡದ ಮಾತು ಖರೆ, ನಗು ಬಂತು. ಆದರೆ ಎಲ್ಲಾ ತಪ್ಪು ಆಸ್ಪತ್ರೆಯ ಮೇಲೆ ಹಾಕಬೇಡಿ. ಸರ್ಕಾರದ ಪ್ಯಾಕೇಜ್ ದರ ಕಡಿಮೆ, ಹಣ ತಡವಾಗಿ ಬರುತ್ತದೆ ಅಂತ ಅವರ ದೂರು. ದರ ಸರಿಯಾಗಿ ಕೊಡದೆ ಬೆಡ್ ಕೊಡು ಅಂದರೆ ಬೆಡ್ ಕಾಣೆಯಾಗುತ್ತದೆ.

ನಮ್ಮ ಕಡೆಯೂ ತಪ್ಪಿದೆ, ಮುಚ್ಚಿಡುವುದಿಲ್ಲ. ಆರೋಗ್ಯ ವಿಮೆ ಮಾತ್ರ ಮಾರುವ ಕಂಪನಿಗಳು 2023–24ರಲ್ಲಿ ಗಳಿಸಿದ ಪ್ರತಿ 100 ರೂಪಾಯಿ ಪ್ರೀಮಿಯಂನಲ್ಲಿ ಕ್ಲೇಮಿಗೆ ಕೊಟ್ಟದ್ದು ಸುಮಾರು 65. ಸರ್ಕಾರಿ ವಿಮಾ ಕಂಪನಿಗಳು ಕೊಟ್ಟದ್ದು 100ಕ್ಕೂ ಜಾಸ್ತಿ. ಇನ್ನು ಆಡಳಿತ, ಕಮಿಷನ್, ಜಾಹೀರಾತು ಎಲ್ಲ ಸೇರಿ ಖರ್ಚಿಗೆ ಮಿತಿ ಇದೆ: ಆರೋಗ್ಯ ವಿಮಾ ಕಂಪನಿಗಳಿಗೆ ಪ್ರೀಮಿಯಂನ 35%, ಸಾಮಾನ್ಯ ವಿಮಾ ಕಂಪನಿಗಳಿಗೆ 30%. ಈ ಮಿತಿ ಇಳಿಸಿದರೆ ನನ್ನ ಹೊಟ್ಟೆಗೂ ಬೀಳುತ್ತದೆ. ಆದರೂ ಹೇಳಿದೆ.

ಬಜಾರ್ ಗುಮಾಸ್ತ:

ಬಟ್ಟಲು ಸಾಹೇಬ್ರೇ, ಇಷ್ಟು ನೇರ ಮಾತಾಡುವ ಏಜೆಂಟರನ್ನು ನಾನು ನೋಡಿಲ್ಲ. ಆ 35 ರೂಪಾಯಿಯ ಲೆಕ್ಕ ರಿನ್ಯೂವಲ್ ಮೆಸೇಜಿನಲ್ಲೇ ಬರಬೇಕು ಅಂತ ನನ್ನ ಆಸೆ. ಹಮಾಲಿಗೆ ಎಷ್ಟು, ತೂಕಕ್ಕೆ ಎಷ್ಟು, ಅಡತಿಗೆ ಎಷ್ಟು ಅಂತ ನಾವು ರೈತನಿಗೆ ಪಟ್ಟಿ ಬರೆದು ಕೊಡುತ್ತೇವೆ. ಇವರು ಯಾಕೆ ಕೊಡಬಾರದು?

ರಾತ್ರಿ ಕೂತು ಇನ್ನೊಂದು ಲೆಕ್ಕ ಮಾಡಿದೆ. ಇಎಸ್‌ಐಗೆ ನೌಕರ ಕೊಡುವುದು 0.75%, ಮಾಲೀಕ ಕೊಡುವುದು 3.25%. ಎರಡೂ ಸೇರಿ 4%. ನನ್ನ 26,000ಕ್ಕೆ ತಿಂಗಳಿಗೆ 1,040. ವರ್ಷಕ್ಕೆ 12,480. ಎರಡೂ ಪಾಲು ನಾನೇ ಕಟ್ಟುತ್ತೇನೆ ಅಂದರೂ 29,500ರ ಅರ್ಧಕ್ಕಿಂತ ಕಡಿಮೆ! ಅವ್ವನೂ ಬರುತ್ತಾಳೆ. ಹಾಗಾದರೆ ಮಿತಿ ದಾಟಿದವರನ್ನು ಹೊರಗೆ ಹಾಕುವ ಬದಲು "ಇಷ್ಟು ಕಟ್ಟಿ, ಒಳಗೇ ಇರಿ" ಅನ್ನಬಹುದಲ್ಲ? 21,000ದ ಮಿತಿ ಬಂದದ್ದು 2017ರ ಜನವರಿಯಲ್ಲಿ. ಆಗಿನ ತೊಗರಿಬೇಳೆ ರೇಟ್ ಈಗ ಇದೆಯಾ?

ಟ್ಯಾಕ್ಸಿನಲ್ಲಿ ಆರೋಗ್ಯ ವಿಮೆಯ ಪ್ರೀಮಿಯಂಗೆ ಸೌಲಭ್ಯ ಇದೆ ಅಂತ ಒಬ್ಬರು ಮೆಸೇಜ್ ಮಾಡಿದರು. 25,000ದ ತನಕ ಕಡಿತ, ಅದೂ ಹಳೆಯ ಪದ್ಧತಿ ಆರಿಸಿದವರಿಗೆ. ನನಗೆ ಟ್ಯಾಕ್ಸೇ ಬರುವುದಿಲ್ಲ, ಕಡಿತ ಮಾಡುವುದು ಏನನ್ನು? ಆ ಸೌಲಭ್ಯ ಮೇಲಿನವರಿಗೆ.

ಬಿದ್ರಿ ಬಟ್ಟಲು:

ಅಣ್ಣಾ, ನಿಮ್ಮ ಲೆಕ್ಕ ಚಂದ ಇದೆ, ಒಂದು ತೂತು ಇದೆ. ಇಎಸ್‌ಐ 4%ಗೆ ನಡೆಯುವುದು ಎಲ್ಲರೂ ಕಡ್ಡಾಯ ಕಟ್ಟುವುದರಿಂದ. 22 ವರ್ಷದ ಗಟ್ಟಿ ಹುಡುಗರೂ ಕಟ್ಟುತ್ತಾರೆ, ಅವರು ದವಾಖಾನೆ ಕಡೆ ಸುಳಿಯುವುದೇ ಇಲ್ಲ. "ಬೇಕಾದವರು ಇರಿ" ಅಂದರೆ ಯಾರು ಇರುತ್ತಾರೆ? ಶುಗರ್ ಇದ್ದವರು, ಬಿಪಿ ಇದ್ದವರು, ನಿಮ್ಮ ಅವ್ವನಂಥ ಹಿರಿಯರು ಮನೆಯಲ್ಲಿ ಇದ್ದವರು. ಗಟ್ಟಿ ಇದ್ದವನು ಉಳಿದ ರೊಕ್ಕಕ್ಕೆ ಮೊಬೈಲ್ ಕೊಳ್ಳುತ್ತಾನೆ. ಆಗ 4% ಸಾಲುವುದಿಲ್ಲ, 8% ಆಗುತ್ತದೆ. 8% ಆದರೆ ಇನ್ನಷ್ಟು ಜನ ಬಿಡುತ್ತಾರೆ. ವಿಮೆ ಧಂದೆಯಲ್ಲಿ ನಮಗೆ ಮೊದಲು ಕಲಿಸುವ ಪಾಠ ಇದು.

ತೊಗರಿ ಮಾಸ್ತರ:

ಸರಿಯಾದ ಆಕ್ಷೇಪ. ಅದಕ್ಕೇ ಒಬ್ಬೊಬ್ಬರನ್ನಾಗಿ ಅಲ್ಲ, ರೇಷನ್ ಕಾರ್ಡಿನ ಇಡೀ ಮನೆಯನ್ನು ಸೇರಿಸಬೇಕು. ಸೇರಲು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಅವಕಾಶ ಇರಬೇಕು, ಯಶಸ್ವಿನಿಯ ನೋಂದಣಿ ಹಾಗೆ. ಎದೆನೋವು ಬಂದ ದಿನ ಹೋಗಿ ಸೇರಿಕೊಳ್ಳುವುದು ಆಗಬಾರದು.

ರಾಜಸ್ಥಾನದಲ್ಲಿ 2021ರ ಮೇನಲ್ಲಿ ಚಿರಂಜೀವಿ ಅಂತ ಯೋಜನೆ ಶುರು ಮಾಡಿದರು. ಬಡವರಿಗೆ, ಸಣ್ಣ ರೈತರಿಗೆ ಪುಕ್ಕಟೆ. ಉಳಿದ ಯಾವ ಮನೆಯಾದರೂ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದಿತ್ತು. ಸರ್ಕಾರ ಬದಲಾದಮೇಲೆ ಯೋಜನೆಯ ಹೆಸರೂ ಬದಲಾಯಿತು, ಅದು ಬೇರೆ ಮಾತು. ನಮ್ಮಲ್ಲಿ ಎಪಿಎಲ್‌ನವರಿಗೆ 30% ಎಂದು ಕಾಯಿಲೆ ಬಂದಮೇಲೆ ಕೊಡುವ ಬದಲು, ಕಾಯಿಲೆ ಬರುವ ಮೊದಲು ಮನೆಗೆ ಒಂದಿಷ್ಟು ಕಟ್ಟಿಸಿಕೊಂಡು ಅದೇ 5 ಲಕ್ಷಕ್ಕೆ ಸೇರಿಸಬಹುದು. 850 ಸಾಲದು ಅಂದರೆ 2,000 ಇರಲಿ, 3,000 ಇರಲಿ. ನೀತಿ ಆಯೋಗದ 2021ರ ವರದಿಯ ಪ್ರಕಾರ ದೇಶದಲ್ಲಿ ಯಾವ ವಿಮೆಯೂ ಇಲ್ಲದವರು ಸುಮಾರು 30%, ಅಂದರೆ 40 ಕೋಟಿ ಜನ. ಗುಮಾಸ್ತರೇ, ನೀವು ಒಬ್ಬರೇ ಅಲ್ಲ.

ಗೌಂಡಿ ಹುಡುಗ (ಊರು ಯಾದಗಿರಿ, ಕೆಲಸ ಬೆಂಗಳೂರು):

ದೊಡ್ಡವರು ಮಾತಾಡುತ್ತಿದ್ದೀರಿ, ನಡುವೆ ಒಂದು ಮಾತು. ನಮ್ಮ ಮನೆಗೆ ಬಿಪಿಎಲ್ ಕಾರ್ಡ್ ಇದೆ. ಆದರೆ ಕಾರ್ಡ್ ಊರಲ್ಲಿ, ನಾನು ಇಲ್ಲಿ ಸೈಟಿನಲ್ಲಿ. ಸ್ಕ್ಯಾಫೋಲ್ಡಿಂಗ್ ಮೇಲಿಂದ ಬಿದ್ದಾಗ ಮೇಸ್ತ್ರಿ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದ. ಕಾರ್ಡ್ ನಂಬರ್ ಕೇಳಿದರು, ನನಗೆ ನೆನಪಿಲ್ಲ. 38,000 ಆಯಿತು, ಅರ್ಧ ಮೇಸ್ತ್ರಿ ಕೊಟ್ಟು ಪಗಾರದಲ್ಲಿ ಕಟ್ ಮಾಡಿದ. ಯೋಜನೆ ಇದ್ದವನ ಕತೆಯೂ ಹೀಗಿದೆ.

ದವಾಖಾನೆ ಅಕ್ಕ:

ತಮ್ಮಾ, ಈಗ ಕಾಲು ಹೇಗಿದೆ? ರೇಷನ್ ಕಾರ್ಡ್ ಮತ್ತು ಆಧಾರ್ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೋ. ಅವ್ವನ ಫೋನಿನಲ್ಲೂ ಇರಲಿ. ತುರ್ತು ಅಂದರೆ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಒಯ್ಯಲು ಹೇಳು. 14555ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಯಾವುದು ಅಂತ ಹೇಳುತ್ತಾರೆ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿದ್ದೀಯಾ? ಅದರಲ್ಲೂ ವೈದ್ಯಕೀಯ ನೆರವು ಇದೆ.

ಗೌಂಡಿ ಹುಡುಗ:

ಕಾಲು ಪರವಾಗಿಲ್ಲ ಅಕ್ಕಾ, ಚಳಿಗೆ ಸ್ವಲ್ಪ ನೋಯುತ್ತದೆ. ಲೇಬರ್ ಕಾರ್ಡ್ ಇಲ್ಲ, ಮಾಡಿಸುತ್ತೇನೆ.

ಮಾಂಜ್ರಾ ದಂಡೆ (ಬೀದರ್ ಜಿಲ್ಲೆ):

ನಮ್ಮ ಕಡೆಯ ಸಂಕಟ ಬೇರೆ. ಬೀದರಿನವರಿಗೆ ಬೆಂಗಳೂರು ರಾತ್ರಿಪೂರ್ತಿ ದಾರಿ, ಹೈದರಾಬಾದ್ ಎರಡೂವರೆ ತಾಸು. ದೊಡ್ಡ ಕಾಯಿಲೆ ಅಂದರೆ ನಾವು ಆ ಕಡೆಯೇ ಓಡುವುದು. ಗಡಿ ದಾಟಿದ ಕೂಡಲೇ ರಾಜ್ಯದ ಯೋಜನೆಯ ಮಾತು ಗೊಂದಲ ಆಗುತ್ತದೆ. ಇಲ್ಲಿ ಒಪ್ಪಿದ ಚೀಟಿ ಅಲ್ಲಿ ಕೇಳುವವರಿಲ್ಲ. ನಮ್ಮ ಯಜಮಾನರ ಡಯಾಲಿಸಿಸ್ ಸಮಯದಲ್ಲಿ ಇದೆಲ್ಲ ಅನುಭವಿಸಿದ್ದೇನೆ. ನೀವು ಏನಾದರೂ ಮನವಿ ಬರೆಯುವುದಾದರೆ ಗಡಿ ಜಿಲ್ಲೆಗಳವರಿಗೆ ಹೈದರಾಬಾದ್, ಸೊಲ್ಲಾಪುರದ ಆಸ್ಪತ್ರೆಗಳನ್ನೂ ಪಟ್ಟಿಗೆ ಸೇರಿಸಿ ಅಂತ ಬರೆಯಿರಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371 ಜೆ ಇರುವುದು ನೌಕರಿ, ಸೀಟಿಗೆ ಮಾತ್ರವಾ?

ಸುಣ್ಣದಕಲ್ಲು:

ಅಕ್ಕೋರೇ, ಗಡಿಯಾಚೆಗೆ ರೊಕ್ಕ ಕಳಿಸುವುದಕ್ಕಿಂತ ಇಲ್ಲಿಯ ದವಾಖಾನೆ ಗಟ್ಟಿ ಮಾಡುವುದು ಲೇಸು ಅಂತ ನನ್ನ ಮತ. ಕಲಬುರಗಿಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಜಯದೇವ ಬಂತು. ಮೊದಲು ಹಾರ್ಟ್ ಅಂದರೆ ಸೊಲ್ಲಾಪುರ, ಹೈದರಾಬಾದ್ ಅನ್ನುತ್ತಿದ್ದೆವು. ಈಗ ಹಾಗೆ ಹೇಳುವವರು ಕಡಿಮೆ ಆಗಿದ್ದಾರೆ. ಹತ್ತಿರದಲ್ಲೇ ಒಂದು ಛಲೋ ಸರ್ಕಾರಿ ದವಾಖಾನೆ ಇದ್ದರೆ ಖಾಸಗಿಯವರ ಬಿಲ್ಲೂ ತಾನಾಗಿ ಬಗ್ಗುತ್ತದೆ.

ಮಾಂಜ್ರಾ ದಂಡೆ:

ಕಟ್ಟುವ ತನಕ ಕಾಯಿಲೆ ಕಾಯುವುದಿಲ್ಲ ಅಂತ ನೀವೇ ಮೇಲೆ ಹೇಳಿದಿರಿ. ಎರಡೂ ಬೇಕು.

ಸುಣ್ಣದಕಲ್ಲು:

ಸೋತೆ.

ಬಿದ್ರಿ ಬಟ್ಟಲು:

ನೀತಿ ಬದಲಾಗುವಾಗ ಆಗಲಿ. ಗುಮಾಸ್ತ ಅಣ್ಣಾ, ಈ ವರ್ಷದ ಮಾತು ಕೇಳಿ: ಪಾಲಿಸಿ ಮಾತ್ರ ಬಿಡಬೇಡಿ. ನಿಮಗೆ ನಾಲ್ಕು ವರ್ಷ ಆಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ, ಅದು ನಿಮಗೆ ಮುಗಿದಿದೆ. 5 ವರ್ಷ ಸತತ ಆದಮೇಲೆ, ಮೋಸ ಸಾಬೀತಾದರೆ ಬಿಟ್ಟು, "ನೀವು ಅದನ್ನು ಹೇಳಿರಲಿಲ್ಲ, ಇದನ್ನು ಹೇಳಿರಲಿಲ್ಲ" ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ. ಈಗ ಬಿಟ್ಟರೆ ಎಲ್ಲಾ ಮೊದಲಿನಿಂದ.

29,500 ಆಗದು ಅಂದರೆ ಬೇರೆ ಕಂಪನಿಗೆ ಪೋರ್ಟ್ ಮಾಡಿ, ಮುಗಿಯುವ 45 ದಿನ ಮುಂಚೆ ಅರ್ಜಿ ಹಾಕಬೇಕು. ಆರೋಗ್ಯ ಸಂಜೀವಿನಿ ಅಂತ 2020ರಿಂದ ಒಂದು ಪಾಲಿಸಿ ಇದೆ. ಎಲ್ಲಾ ಕಂಪನಿಗಳಲ್ಲೂ ಅದೇ ನಿಯಮ, ರೇಟ್ ಮಾತ್ರ ಬೇರೆ ಬೇರೆ. ಪ್ರತಿ ಬಿಲ್ಲಿನಲ್ಲಿ 5% ನಿಮ್ಮದು. ರೂಮ್ ಬಾಡಿಗೆಗೂ ಮಿತಿ ಇದೆ, ಅದನ್ನು ಓದಿ. ದಿನಕ್ಕೆ 5,000ದ ಮಿತಿ ಇದ್ದು ನೀವು 10,000ದ ರೂಮಿಗೆ ಹೋದರೆ ಬಾಡಿಗೆಯಷ್ಟೇ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಫೀಸು ಕೂಡ ಅರ್ಧಕ್ಕೆ ಇಳಿಯುತ್ತದೆ. ಔಷಧಿ ಮತ್ತು ಟೆಸ್ಟಿಗೆ ಈ ಕಡಿತ ಇಲ್ಲ. ಏಸಿ ರೂಮಿನ ಆಸೆಗೆ ಬಿದ್ದು ಅತ್ತವರನ್ನು ಬಹಳ ನೋಡಿದ್ದೇನೆ.

ಕ್ಲೇಮ್ ತಿರಸ್ಕಾರ ಆದರೆ ಮೊದಲು ಕಂಪನಿಗೆ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಫೀಸು ಇಲ್ಲ, ವಕೀಲರೂ ಬೇಡ.

ಬಜಾರ್ ಗುಮಾಸ್ತ:

ಇಷ್ಟು ಜನ ಇಷ್ಟು ಬರೆದಿರಿ, ಉಪಕಾರ ಮರೆಯುವುದಿಲ್ಲ. 45 ದಿನ ಉಳಿದಿಲ್ಲ, ಈ ಸಲ ಅದೇ ಪಾಲಿಸಿ ಕಟ್ಟುತ್ತೇನೆ. ಮಾಲೀಕರ ಹತ್ತಿರ ಉಚಲು ಕೇಳಿದ್ದೇನೆ, ಹೂಂ ಅಂದಿದ್ದಾರೆ.

ಶಾಸಕರಿಗೂ ಸಂಸದರಿಗೂ ಕೊಡಲು ಮನವಿ ಬರೆದೆ. ಒಂದು ಹಾಳೆ ಮಾತ್ರ, ಎರಡನೆಯ ಹಾಳೆ ಯಾರೂ ತಿರುಗಿಸುವುದಿಲ್ಲ. ಎಪಿಎಲ್ ಮನೆಗಳು ವರ್ಷಕ್ಕೊಮ್ಮೆ ನಿಗದಿ ಹಣ ಕಟ್ಟಿ 5 ಲಕ್ಷದ ಯೋಜನೆಗೆ ಸೇರಲು ಬಿಡಿ, ಇಡೀ ಮನೆ ಸೇರಬೇಕು, ನೋಂದಣಿಗೆ ತಿಂಗಳು ಗೊತ್ತು ಮಾಡಿ. ಇಎಸ್‌ಐ ಮಿತಿ ಏರಿಸಿ, ದಾಟಿದವರನ್ನು ಹೊರಹಾಕಬೇಡಿ, ಪಾಲು ಕಟ್ಟಿಸಿಕೊಂಡು ಒಳಗೇ ಇಡಿ. ಗಡಿ ಜಿಲ್ಲೆಗಳವರಿಗೆ ಪಕ್ಕದ ರಾಜ್ಯದ ಆಸ್ಪತ್ರೆ ಸೇರಿಸಿ. ದರಪಟ್ಟಿ ಕಣ್ಣಿಗೆ ಕಾಣುವ ಹಾಗೆ ಹಾಕಿಸಿ.

ಮಾಸ್ತರೇ, ಕಾಗುಣಿತ ನೋಡಿಕೊಡುತ್ತೀರಾ?

ತೊಗರಿ ಮಾಸ್ತರ:

ಕಳಿಸಿ. ಇಎಸ್‌ಐ ಮಾತು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಒಂದೇ ಹಾಳೆಯಲ್ಲಿ ಬರೆದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ಎರಡು ಮನವಿ ಮಾಡಿ.

ದವಾಖಾನೆ ಅಕ್ಕ:

ಕಾಕಾ, ನಿಮ್ಮ ಅವ್ವನಿಗೆ ಈಗ ಯಾವ ವಿಮೆಯೂ ಇಲ್ಲ ಅಂದಿರಿ. ಎಪಿಎಲ್ ಕಾರ್ಡಿನಲ್ಲಿ ಅವರ ಹೆಸರು ಇದೆಯಾ? ಇದ್ದರೆ ಆ ಕಾರ್ಡ್, ಆಧಾರ್ ತಗೊಂಡು ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಆರೋಗ್ಯ ಕಾರ್ಡ್ ಮಾಡಿಸಿಬಿಡಿ. 30% ಆದರೂ ಬರಲಿ.

ಬಜಾರ್ ಗುಮಾಸ್ತ:

ಹೆಸರು ಇದೆ ಅಕ್ಕಾ, ಈಗಷ್ಟೇ ತೆಗೆದು ನೋಡಿದೆ. ವಯಸ್ಸು 58 ಅಂತ ಬರೆದಿದ್ದಾರೆ. ನನಗಿಂತ ಆರು ವರ್ಷ ದೊಡ್ಡವಳು. ಮೊದಲು ಅದನ್ನು ತಿದ್ದಿಸಬೇಕು.